ಬೀಜಕ್ಕೆ ಬಾಗಿಲು ಬಂದದ್ದು

ಚಾರ್ವಿ, ಮೊದಲು ಆ ಕಾರ್ಡನ್ನು ಬಾಯಿಂದ ತೆಗಿ. ಅದು ಚಾಕೊಲೇಟ್ ಅಲ್ಲ, ಅದರೊಳಗೆ ಯಾರದೋ ಮದುವೆ ಇದೆ.

ಫೋಟೊ ಸ್ಟುಡಿಯೊ ನಡೆಸಿದ ಅಜ್ಜಿಯ ಮೇಜಿನ ಡ್ರಾಯರ್ ಹೀಗೇ ಇರುತ್ತದೆ. ಈ ಅಗಲದ್ದು, ಬಿಸ್ಕತ್ತಿನಂಥದ್ದು, ನನ್ನ ಮೊದಲ ಡಿಜಿಟಲ್ ಕ್ಯಾಮೆರಾದ ಮೆಮೊರಿ ಕಾರ್ಡು. ಈ ನೀಲಿಯದು ಆಮೇಲೆ ಕೊಂಡ ಕ್ಯಾಮೆರಾದ್ದು. ಉಗುರಿನಷ್ಟು ಇರುವ ಇದು ಅದಕ್ಕೂ ಆಮೇಲಿನದು. ಇದನ್ನು ನೆಲದ ಮೇಲೆ ಹುಡುಕುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಂದೊಂದು ಬಂದಾಗಲೂ ಅಂಗಡಿಯವರು, "ಮೇಡಂ, ಇನ್ನು ಮುಂದೆ ಇದೇ," ಎನ್ನುತ್ತಿದ್ದರು. ನಾನೂ ನಂಬುತ್ತಿದ್ದೆ.

"ಎಲ್ಲಾ ಒಂದೇ ಥರ ಯಾಕೆ ಮಾಡ್ಲಿಲ್ಲ ಅಜ್ಜಿ? ನಾನು ಅಜ್ಜಿ ಆದಾಗ ಇದರಲ್ಲಿ ಯಾವುದು ಇರುತ್ತೆ?"

ಕೇಳಬೇಕಾದ್ದನ್ನೇ ಕೇಳಿದೆ. ಆದರೆ ಈ ಜಗಳ ಶುರು ಮಾಡಿದವರು ಕ್ಯಾಮೆರಾದವರಲ್ಲ, ಮರಗಳು. ಬಾ, ಹತ್ತಿರ ಕೂತುಕೋ. ಕಾಲು ಅಲ್ಲಾಡಿಸಬೇಡ.

ಆಗ ಲೋಕ ಇನ್ನೂ ಹೊಸದು. ಬೆಟ್ಟಗಳಿಗೆ ಬಳಿದ ಬಣ್ಣ ಆರಿರಲಿಲ್ಲ, ಮೋಡ ತಾಕಿದರೆ ಮೋಡಕ್ಕೆ ಅಂಟಿಕೊಳ್ಳುತ್ತಿತ್ತು. ನದಿಗೆ ದಾರಿ ಸರಿಯಾಗಿ ಗೊತ್ತಿರಲಿಲ್ಲ. "ಸಮುದ್ರಕ್ಕೆ ಹೀಗೇ ಹೋಗ್ಬೇಕಾ?" ಎಂದು ಸಿಕ್ಕಸಿಕ್ಕ ಬಂಡೆಯನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು.

ಮರಗಳಿದ್ದವು, ಬಳ್ಳಿಗಳಿದ್ದವು. ಬೀಜ ಮಾತ್ರ ಇರಲಿಲ್ಲ. ಒಂದೊಂದು ಜಾತಿಗೂ ಇದ್ದದ್ದು ಒಂದೇ ಮರ.

ಒಂದು ದಿನ ದಿಬ್ಬದ ಮೇಲಿನ ಮರವೊಂದು ಬಿತ್ತು. ಒಳ್ಳೆಯ ಮರ, ಎಲ್ಲರಿಗೂ ಬೇಕಾಗಿದ್ದ ಮರ. ಎಲ್ಲರೂ ಅತ್ತರು. ಅತ್ತು ಮುಗಿದ ಮೇಲೆ ಅದರ ಮಾತು ಬಂತು. ಅದರ ಹೂವು ಎಷ್ಟು ಚೆಂದ ಇತ್ತಲ್ಲ, ಯಾವ ಬಣ್ಣದ್ದು ಅದು?

ಗಾಳಿ ಕೆಂಪು ಎಂದಿತು. ಜೇನುಹುಳ ಹಳದಿ ಎಂದಿತು. "ನಾನು ಅವಸರದಲ್ಲಿದ್ದೆ, ನೋಡಲಿಲ್ಲ," ಎಂದಿತು ನದಿ. ಬಿದ್ದ ಮರವನ್ನು ಕೇಳುವ ಹಾಗಿರಲಿಲ್ಲ. ಆ ಹೂವಿನ ಬಣ್ಣ ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮರಗಳಿಗೆಲ್ಲ ಒಳಗೊಳಗೇ ಭಯ ಹುಟ್ಟಿತು.

"ನಮ್ಮ ನೆನಪನ್ನೆಲ್ಲ ಒಂದು ಪುಟ್ಟ ಪೆಟ್ಟಿಗೆಗೆ ತುಂಬಿ ಭೂಮಿತಾಯಿ ಹತ್ತಿರ ಇಡೋಣ," ಎಂದಿತು ಹಿರಿಯದಾದ ಆಲದ ಮರ. "ನಾವು ಬಿದ್ದರೂ ಪೆಟ್ಟಿಗೆ ಇರುತ್ತೆ."

ಎಲ್ಲರೂ ಒಪ್ಪಿದರು. ಆದರೆ ಎಂಥ ಪೆಟ್ಟಿಗೆ? ಅಲ್ಲಿಂದ ಶುರುವಾಯಿತು ನೋಡು.

"ಹಗುರವಾಗಿ ಮಾಡಿ. ಭಾರದ್ದಾದರೆ ನಾನು ಹೊರಲ್ಲ," ಎಂದಿತು ಗಾಳಿ. ಬೂರುಗದ ಮರ ತಕ್ಷಣ ಹತ್ತಿ ಸುತ್ತಿದ ಪೆಟ್ಟಿಗೆ ಮಾಡಿ ತೋರಿಸಿತು.

"ತೇಲಬೇಕು. ಮುಳುಗಿದ್ದನ್ನ ಎತ್ತೋಕೆ ನನಗೆ ಪುರುಸೊತ್ತಿಲ್ಲ," ಎಂದಿತು ನದಿ. ತೆಂಗಿನ ಮರ ನಾರು ಹೊದಿಸಿ, ಒಳಗೆ ಕರಟ ಕಟ್ಟಿ, ದೊಡ್ಡ ಪೆಟ್ಟಿಗೆಯನ್ನು ಧೊಪ್ಪನೆ ನೀರಿಗೆ ಬಿಟ್ಟಿತು.

"ಕೊಕ್ಕಿಗೆ ಹಿಡಿಸ್ಬೇಕು, ಮೇಲೆ ಸ್ವಲ್ಪ ಸಿಹಿ ಇರ್ಬೇಕು," ಎಂದವು ಹಕ್ಕಿಗಳು. ಆಲದ ಮರ ಸಾಸಿವೆಗಿಂತ ಸಣ್ಣ ಪೆಟ್ಟಿಗೆಗಳನ್ನು ಮಾಡಿ ಹಣ್ಣಿನೊಳಗೆ ಬಚ್ಚಿಟ್ಟಿತು.

"ಅಷ್ಟು ಸಣ್ಣದರಲ್ಲಿ ಏನು ಹಿಡಿಯುತ್ತೆ ನಿನ್ನ ತಲೆ?" ಎಂದಿತು ತೆಂಗು.

"ನಿನ್ನ ಪೆಟ್ಟಿಗೆ ತಲೆ ಮೇಲೆ ಬಿದ್ದರೆ ಇರೋ ನೆನಪೂ ಹೋಗುತ್ತೆ," ಎಂದಿತು ಆಲ.

ಎಲ್ಲರೂ ಒಂದೇ ಆಕಾರ ಮಾಡಬೇಕು ಎಂದು ಒಬ್ಬರು. ಆ ಆಕಾರ ನಮ್ಮದೇ ಆಗಬೇಕು ಎಂದು ಪ್ರತಿಯೊಬ್ಬರು. ಮಳೆಗಾಲವೆಲ್ಲ ಇದೇ ಗಲಾಟೆ. ಮರಗಳಿಗೇನು, ಬೇಕಾದಷ್ಟು ಕಾಲ ಇತ್ತು.

ಕಾಲ ಇಲ್ಲದವಳು ಒಬ್ಬಳೇ. ಅವರೆ ಬಳ್ಳಿ.

ಬಿದ್ದ ಮರದ ಒಣ ಕೊಂಬೆಯನ್ನೇ ಹಿಡಿದು ಅವಳು ಮೇಲೆ ಹಬ್ಬಿದ್ದಳು. ಅದರ ಹೂವಿನ ಬಣ್ಣ ಯಾವುದಿರಬಹುದು ಎಂದು ದಿನಾ ಯೋಚಿಸುತ್ತಿದ್ದಳು. ಆ ವರ್ಷ ಮೊದಲ ಸಲ ಬಂದ ಚಳಿ ಅವಳ ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿತು: "ತಂಗಿ, ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ನಾನು ಹೊರಟಾಗ ನೀನೂ ಹೊರಡಬೇಕು."

ಬಳ್ಳಿ ಆಲದ ಮರದ ಕಡೆ ತಿರುಗಿದಳು.

"ಅಣ್ಣಾ, ಒಂದು ಮಾತು ಕೇಳ್ಲಾ? ಪೆಟ್ಟಿಗೆ ತಲುಪಿದ ಮೇಲೆ ಅದನ್ನ ತೆಗೆಯೋದು ಹೇಗೆ?"

ಮರಗಳು ಒಂದರ ಮುಖ ಒಂದು ನೋಡಿದವು. ಇದ್ದಲ್ಲಿಂದ ಕದಲದವರಿಗೆ ಬಾಗಿಲಿನ ಯೋಚನೆ ಎಲ್ಲಿಂದ ಬರಬೇಕು? "ತೆಗೆಯೋದು ಯಾಕಮ್ಮ? ಭದ್ರವಾಗಿ ಇಡೋದಲ್ವಾ ಮುಖ್ಯ?" ಎಂದು ನಕ್ಕವು.

"ಆಗ ತೆಂಗಿನಕಾಯಿಗೆ ಕಣ್ಣು ಇರ್ಲಿಲ್ವಾ ಅಜ್ಜಿ?"

ಇರಲಿಲ್ಲ. ಸುತ್ತ ಎಲ್ಲಿ ಮುಟ್ಟಿದರೂ ನುಣ್ಣಗೆ, ಗೋಲಿಯ ಹಾಗೆ. ಮಧ್ಯೆ ಬಾಯಿ ಹಾಕಬೇಡ.

ಬಳ್ಳಿ ನಗಲಿಲ್ಲ. ಒಂದು ಕುಡಿಯನ್ನು ಕೆಳಗೆ ಇಳಿಬಿಟ್ಟು ಭೂಮಿತಾಯಿಯನ್ನೇ ಕೇಳಿದಳು.

"ಬಂದಿವೆ ಮಗಳೇ, ಮಡಿಲ ತುಂಬ ಪೆಟ್ಟಿಗೆಗಳು ಬಂದಿವೆ," ಎಂದಳು ಭೂಮಿತಾಯಿ. "ತಟ್ಟಿದೆ, ಹೊರಳಿಸಿದೆ, ಕಿವಿಗೊಟ್ಟು ಕೇಳಿದೆ. ಒಳಗೆ ಏನೋ ಇದೆ. ಏನು ಅಂತ ಗೊತ್ತಾಗ್ತಿಲ್ಲ. ಒಂದಕ್ಕೂ ಬಾಗಿಲೇ ಇಲ್ಲ."

"ನಾನು ಬಾಗಿಲು ಮಾಡಿದ್ರೆ ನೀನು ತೆಗೀತೀಯಾ?"

"ನನ್ನ ಹತ್ತಿರ ಇರೋ ಬೀಗದ ಕೈ ನೀರೊಂದೇ. ನೀರು ಹೋಗುವಷ್ಟು ಸಂದು ಇದ್ದರೆ ತೆಗೀತೀನಿ. ಆದರೆ ಸುಳ್ಳು ಹೇಳಲ್ಲ ಮಗಳೇ. ತೆಗೆದ ಪೆಟ್ಟಿಗೆಯನ್ನ ಮತ್ತೆ ಮುಚ್ಚೋಕೆ ಆಗಲ್ಲ, ಅದು ಒಡೆದುಹೋಗುತ್ತೆ. ಒಳಗಿರೋದು ಬೆಳೆದರೆ ಬೆಳೀತು. ಇಲ್ಲದಿದ್ದರೆ ನೀನೂ ಇಲ್ಲ, ನಿನ್ನ ನೆನಪೂ ಇಲ್ಲ."

ಬಳ್ಳಿಗೆ ಹೆದರಿಕೆಯಾಯಿತು. ಆಗದೆ ಇರುತ್ತದೆಯೇ? ಮುಚ್ಚಿಟ್ಟರೆ ಯಾರಿಗೂ ತಿಳಿಯದೆ ಉಳಿಯಬಹುದು, ತೆರೆದರೆ ಪೂರ್ತಿ ಹೋಗಬಹುದು. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಅವಳು ಕಾಳು ಕಟ್ಟತೊಡಗಿದಳು. ಕೋಲನ್ನು ಯಾವ ಕಡೆಯಿಂದ ಸುತ್ತಿ ಹತ್ತಬೇಕು ಎಂಬುದನ್ನು ಕಾಳಿನೊಳಗೆ ಇಟ್ಟಳು. ನೇರಳೆ ಬಣ್ಣದ ಹೂವು ಬಿಡುವುದು ಹೇಗೆ ಎಂಬುದನ್ನು ಇಟ್ಟಳು. ಚಳಿ ಬಂದು ಮೈಮುಟ್ಟಿದಾಗ ಸೊಗಡು ಹೊಮ್ಮಿಸುವುದು ಹೇಗೆ ಎಂಬುದನ್ನೂ ಇಟ್ಟಳು. ಎಲ್ಲ ಇಟ್ಟು ಕಾಳಿನ ಸುತ್ತ ಸಿಪ್ಪೆ ಮುಚ್ಚಿಕೊಂಡು ಬಂದಳು. ಒಂದು ಜಾಗ ಮಾತ್ರ ಮುಚ್ಚಲಿಲ್ಲ. ಕಾಳನ್ನು ತಾನು ಕೈಯಲ್ಲಿ ಹಿಡಿದುಕೊಂಡಿದ್ದ ಜಾಗ ಅದು. ಅದನ್ನೇ ಬಾಗಿಲು ಮಾಡಿದಳು.

"ಈ ಕಾರ್ಡಿನ ಹಿಂದೆ ಹೊಳೆಯೋ ಗೀರುಗಳಿವೆಯಲ್ಲ, ಇದೂ ಬಾಗಿಲಾ?"

ಹೌದು ಕಣೇ. ಕ್ಯಾಮೆರಾ ಒಳಗೆ ಬರುವುದು ಅಲ್ಲಿಂದಲೇ. ಅದಕ್ಕೇ ಅಲ್ಲಿ ಬೆರಳಿಡಬೇಡ ಎನ್ನುವುದು, ನಾಲಿಗೆಯನ್ನಂತೂ ಇಡಲೇಬಾರದು.

ಚಳಿ ಹೊರಟಿತು. ಬಳ್ಳಿ ಒಣಗಿದಳು. ಕಾಯಿ ಸಿಡಿದು ಕಾಳು ಮಣ್ಣಿಗೆ ಬಿತ್ತು. ಬೇಸಿಗೆಯೆಲ್ಲ ಒಣ ಕೊಂಬೆಯ ಮೇಲೆ ಒಣ ಬಳ್ಳಿ ಜೋತುಬಿದ್ದಿತ್ತು. ಮರಗಳು ಆ ಕಡೆ ನೋಡಲಿಲ್ಲ.

ಮಳೆ ಬಂತು. ಭೂಮಿತಾಯಿ ನೀರನ್ನು ತಂದು ಬಾಗಿಲ ಬಳಿ ಬಿಟ್ಟಳು. ಕಾಳು ಉಬ್ಬಿತು, ಮೆತ್ತಗಾಯಿತು, ಸಿಪ್ಪೆ ಹರಿಯಿತು.

"ಹೋಯ್ತು, ಒಡೆದೇಹೋಯ್ತು," ಎಂದಿತು ತೆಂಗು. ಅದರ ದನಿಯಲ್ಲೂ ಗೆದ್ದ ಸಂತೋಷ ಇರಲಿಲ್ಲ.

ಒಡೆದ ಕಾಳಿನಿಂದ ಒಂದು ಕುಡಿ ಎದ್ದಿತು. ಯಾರೂ ಹೇಳಿಕೊಡದೆ ಅದು ಒಣ ಕೊಂಬೆಯನ್ನು ಹುಡುಕಿತು. ಅಮ್ಮ ಸುತ್ತಿದ ಕಡೆಯಿಂದಲೇ ಸುತ್ತಿ ಹತ್ತಿತು. ನೇರಳೆ ಹೂವು ಬಿಟ್ಟಿತು. ಗಾಳಿಗೂ ಜೇನುಹುಳಕ್ಕೂ ಈ ಸಲ ಬಣ್ಣದ ಬಗ್ಗೆ ಜಗಳವಾಗಲಿಲ್ಲ.

ಆಮೇಲೆ ಚಳಿ ಬಂತು. ದಿಬ್ಬದ ಹತ್ತಿರ ಬರುತ್ತಿದ್ದಂತೆ ಸೊಗಡು ಮೂಗಿಗೆ ಬಡಿದು ನಿಂತುಬಿಟ್ಟಿತು.

"ನೀನು ಹೋದ ವರ್ಷದವಳೇ ಅಲ್ವಾ?"

"ಅಲ್ಲ, ಅವಳ ಮಗಳು."

"ನೀನು ನನ್ನನ್ನ ನೋಡೇ ಇಲ್ಲ. ನಾನು ಬಂದೆ ಅಂತ ಹೇಗೆ ಗೊತ್ತಾಯ್ತು?"

"ಅಮ್ಮ ಹೇಳಿಟ್ಟಿದ್ಲು," ಎಂದಿತು ಪುಟ್ಟ ಬಳ್ಳಿ.

ಚಳಿಗೆ ಕಣ್ಣು ತುಂಬಿತು. ಆ ದಿನ ಬೆಳಿಗ್ಗೆ ಎಲ್ಲ ಕಡೆ ಇಬ್ಬನಿ ಜಾಸ್ತಿ ಇತ್ತಂತೆ.

ಮರಗಳು ಒಂದೊಂದಾಗಿ ನಾಚಿಕೊಂಡು ಭೂಮಿತಾಯಿಯ ಹತ್ತಿರ ಬಂದವು. ತಮ್ಮ ತಮ್ಮ ಪೆಟ್ಟಿಗೆಗೂ ಬಾಗಿಲು ಮಾಡಿದವು. ತೆಂಗು ಮಾತ್ರ, "ಇಷ್ಟು ದೊಡ್ಡ ಮನೆಗೆ ಒಂದೇ ಬಾಗಿಲು ಸಾಲುತ್ತಾ?" ಎಂದು ಹಟ ಹಿಡಿದು ಮೂರು ಮಾಡಿಸಿಕೊಂಡಿತು. ಮೊಳಕೆ ಬರುವುದು ಒಂದರಿಂದಲೇ. ಉಳಿದೆರಡು ಬರೀ ಜಂಬಕ್ಕೆ.

ಆಕಾರದ ಜಗಳ ಮಾತ್ರ ಮುಗಿಯಲಿಲ್ಲ. ಗಾಳಿಗೆ ಹಗುರದ್ದೇ ಬೇಕು, ನದಿಗೆ ತೇಲುವುದೇ ಬೇಕು, ಹಕ್ಕಿಗೆ ಸಿಹಿಯೇ ಬೇಕು. ಅದಕ್ಕೇ ಒಂದು ಬೀಜ ಇನ್ನೊಂದರಂತಿಲ್ಲ.

"ಹಾಗಾದ್ರೆ ಯಾವ ಕಾರ್ಡು ಉಳಿಯುತ್ತೆ, ಅದನ್ನ ಹೇಳಲೇ ಇಲ್ಲ ನೀನು."

ನನಗೆ ಗೊತ್ತಿಲ್ಲ ಮಗೂ. ಬಹುಶಃ ಒಂದೂ ಉಳಿಯುವುದಿಲ್ಲ. ನೀನು ಅಜ್ಜಿಯಾಗುವ ಹೊತ್ತಿಗೆ ಸಾಸಿವೆಯಷ್ಟಿರುವುದು ಬರಬಹುದು, ಕಣ್ಣಿಗೆ ಕಾಣದ್ದೂ ಬರಬಹುದು. ಆಗ ನೀನೂ ನೆಲದ ಮೇಲೆ ಹುಡುಕುತ್ತಿರುತ್ತೀಯ. ಹಳೆಯದರ ಬಾಗಿಲು ಇನ್ನೂ ತೆರೆಯುವಂತಿರುವಾಗಲೇ ಒಳಗಿರುವುದನ್ನು ಹೊಸದಕ್ಕೆ ದಾಟಿಸಿಬಿಡು, ಅಷ್ಟು ಸಾಕು. ಭದ್ರವಾಗಿದೆ ಎಂದು ಡ್ರಾಯರಿನಲ್ಲಿಟ್ಟು ಮರೆಯಬೇಡ.

ಇವತ್ತಿಗೂ ಅವರೆಕಾಯಿ ಸುಲಿದು ನೋಡಿದರೆ ಪ್ರತಿ ಕಾಳಿನ ಅಂಚಿನಲ್ಲೂ ಒಂದು ಬಿಳಿ ಗೀರು ಕಾಣುತ್ತದೆ. ಅದು ಅಮ್ಮ ಕೊನೆಯವರೆಗೂ ಹಿಡಿದುಕೊಂಡಿದ್ದು, ಆಮೇಲೆ ಕೈಬಿಟ್ಟ ಜಾಗ.