ಜೂನ್ ಒಂದರಂದು ಹುಟ್ಟಿದವರು

ಮೇದಿನಿ ಕೇಳಿದಳು: "ಮಾಸ್ತರೇ, ಆರು ಸಾವಿರ ಜನರ ಲಾಗಿನ್ ವಿವರಗಳನ್ನು ಡೇಟಾಬೇಸಿನಿಂದಲೇ ತೆಗೆದು ಒಟ್ಟಿಗೆ ವೆಬ್‌ಸೈಟಿನ ಮೇಲೆ ಬಿಟ್ಟು ನೋಡಿದೆ. ಎಲ್ಲರೂ ಒಳಗೆ ಹೋದರು. ಬುಧವಾರ ಸೈಟು ತೆರೆಯುತ್ತದೆ. ಪರೀಕ್ಷೆ ಮುಗಿಯಿತು ಎಂದು ಸಹಿ ಹಾಕಬಹುದೇ?"

ಇಂದುಧರ ಮಾಸ್ತರು ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಪರೀಕ್ಷೆಯ ಕೆಲಸ ಕಲಿಸುತ್ತಿದ್ದರು. ಅವರು ಮೇದಿನಿಯ ವರದಿಯನ್ನು ಕೈಗೆ ತೆಗೆದುಕೊಂಡರು. ಪ್ರತಿ ಸಾಲಿನ ಮುಂದೆಯೂ ಹಸಿರು ಗುರುತು ಇತ್ತು. ವರದಿಯನ್ನು ಮಡಿಸಿ ಪಕ್ಕಕ್ಕಿಟ್ಟು ಈ ಕತೆ ಹೇಳಿದರು.

ಒಬ್ಬ ಪರೀಕ್ಷಕನಿದ್ದ. ಅವನ ಊರಿನ ಆಸ್ಪತ್ರೆಯೊಂದು ಶಾಲೆಗಳ ಬಿಸಿಯೂಟದ ಅಡುಗೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆಯನ್ನು ಉಚಿತವಾಗಿ ಮಾಡಲು ಮುಂದೆ ಬಂತು. ಅಡುಗೆಯವರು ಎಂಟು ಸಾವಿರ ಮಂದಿ ಇದ್ದರು. ಆ ವರ್ಷ ಮಾಡಲು ಸಾಧ್ಯವಿದ್ದದ್ದು ಒಂಬೈನೂರು ಮಂದಿಗೆ. ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ವೆಬ್‌ಸೈಟು ತೆರೆಯುವುದು, ಮೊದಲು ಲಾಗಿನ್ ಆದವರಿಗೆ ಮೊದಲು ತಾರೀಖು ಕೊಡುವುದು ಎಂದು ಗೊತ್ತಾಯಿತು. ಹೆಸರು, ಮೊಬೈಲ್ ನಂಬರು, ಹುಟ್ಟಿದ ದಿನಗಳ ಪಟ್ಟಿಯನ್ನು ಶಾಲೆಗಳೇ ತಮ್ಮ ದಾಖಲೆ ನೋಡಿ ಕಳಿಸಿದ್ದವು. ಲಾಗಿನ್‌ಗೆ ಮೊಬೈಲ್ ನಂಬರು ಹಾಕಬೇಕು. ಪಾಸ್‌ವರ್ಡ್ ಎಂದರೆ ಹುಟ್ಟಿದ ದಿನ. ಮೂರು ಸಲ ತಪ್ಪಿದರೆ ಒಂದು ದಿನದ ಮಟ್ಟಿಗೆ ಬಾಗಿಲು ಮುಚ್ಚುತ್ತದೆ.

ಒಂದು ದಿನ ಹೊರಗೆ ಉಳಿದವರಿಗೆ ಆ ವರ್ಷ ತಾರೀಖು ಸಿಗುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು.

ಎಂಟು ಸಾವಿರ ಮಂದಿ ಒಟ್ಟಿಗೆ ಬಂದರೆ ಸೈಟು ತಡೆಯುತ್ತದೆಯೇ ಎಂದು ನೋಡುವುದು ಪರೀಕ್ಷಕನ ಕೆಲಸ. ಅವನು ಒಬ್ಬ ಅಡುಗೆಯವಳ ನಂಬರು ತೆಗೆದುಕೊಂಡು ಅದನ್ನೇ ಎಂಟು ಸಾವಿರ ಸಲ ಕಳಿಸಿದ. ಅಷ್ಟು ಸಲವೂ ಬಾಗಿಲು ತೆರೆಯಿತು.

ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಹಿರಿಯ ಹೆಂಗಸು ಅವನ ಹಿಂದೆ ನಿಂತು ನೋಡುತ್ತಿದ್ದಳು.

"ಒಬ್ಬಳನ್ನೇ ಎಂಟು ಸಾವಿರ ಸಲ ನುಗ್ಗಿಸಿದೆಯಲ್ಲೋ," ಎಂದಳು. "ಹತ್ತನೇ ಸಲಕ್ಕೇ ಅವಳು ಸೈಟಿಗೆ ಮನೆಮಗಳಾಗಿಬಿಟ್ಟಿರುತ್ತಾಳೆ. ಆಮೇಲೆ ಅದು ಯಾರನ್ನೂ ಹುಡುಕುವುದಿಲ್ಲ. ನೆನಪಿನ ಮೇಲೇ ಬಿಡುತ್ತದೆ."

"ಮತ್ತೇನು ಮಾಡಲಿ, ಅಕ್ಕಾ?"

"ಎಂಟು ಸಾವಿರ ಮಂದಿಯೂ ನನ್ನ ಹತ್ತಿರವೇ ಇದ್ದಾರೆ. ಒಬ್ಬೊಬ್ಬರನ್ನೇ ಕರಿ."

ಅವಳು ಡೇಟಾಬೇಸಿನ ನಕಲೊಂದನ್ನು ಅವನಿಗೆ ಕೊಟ್ಟಳು. ಅವನು ಒಂದು ಸಾಲಿನ ಕ್ವೆರಿ ಬರೆದ. ಎಲ್ಲರ ಮೊಬೈಲ್ ನಂಬರು ಕೊಡು, ಹುಟ್ಟಿದ ದಿನ ಕೊಡು ಎಂಬುದಷ್ಟೇ ಅದರ ಅರ್ಥ. ಉತ್ತರವಾಗಿ ಎಂಟು ಸಾವಿರ ಸಾಲುಗಳು ಬಂದವು. ಪರೀಕ್ಷೆಯ ಯಂತ್ರ ಒಂದೊಂದು ಸಾಲನ್ನೂ ಒಬ್ಬೊಬ್ಬ ಹೆಂಗಸೆಂದು ತಿಳಿದು ಬಾಗಿಲಿಗೆ ಕಳಿಸಿತು.

ಎರಡನೇ ನಿಮಿಷಕ್ಕೆ ಸೈಟು ನಿಂತಿತು. ಒಬ್ಬಳನ್ನು ಬಲ್ಲ ಬಾಗಿಲಿಗೆ ಎಂಟು ಸಾವಿರ ಮಂದಿ ಹೊಸಬರು ಭಾರವಾದರು. ನಾಲ್ಕು ದಿನ ಕೆಲಸ ಮಾಡಿ ಸೈಟನ್ನು ಸರಿಪಡಿಸಿದರು. ಐದನೇ ದಿನ ಅವನು ಮತ್ತೆ ಎಲ್ಲರನ್ನೂ ಕಳಿಸಿದ.

ಈ ಸಲ ಸೈಟು ನಿಲ್ಲಲಿಲ್ಲ. ಪರದೆಯ ಮೇಲೆ ಸಾಲುಗಳು ಒಂದರ ಹಿಂದೊಂದು ಹಸಿರಾಗುತ್ತ ಹೋದವು. ಅವನು ಕೈ ಕಟ್ಟಿಕೊಂಡು ನೋಡುತ್ತ ಕುಳಿತ. ಒಂದು ಜಿಲ್ಲೆಯ ಅಡುಗೆಮನೆಗಳೆಲ್ಲ ಎದ್ದು ಬಂದು ಒಂದು ಬಾಗಿಲಲ್ಲಿ ಹಾದುಹೋಗುತ್ತಿವೆ ಎಂದು ಅವನಿಗೆ ಅನ್ನಿಸಿತು. ಎಂಟು ಸಾವಿರವೂ ಒಳಗೆ ಹೋದವು.

ಸಹಿ ಹಾಕುವ ಮೊದಲು ಸಾಲುಗಳನ್ನು ಒಮ್ಮೆ ಕಣ್ಣಿಂದ ಓದುವುದು ಅವನ ಪದ್ಧತಿ. ಓದಿದ. ಓದಿ ಆ ಹೆಂಗಸನ್ನು ಕರೆದ.

"ಅಕ್ಕಾ, ಕ್ವೆರಿ ಎಲ್ಲೋ ಕೆಟ್ಟಿದೆ. ಮೂರು ಸಾವಿರಕ್ಕೂ ಹೆಚ್ಚು ಜನ ಜೂನ್ ಒಂದಕ್ಕೆ ಹುಟ್ಟಿದ್ದಾರೆ."

ಅವಳು ನಕ್ಕಳು. "ನಾನೂ ಆವತ್ತೇ ಹುಟ್ಟಿದವಳು. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲ ಅಂದರೆ ಹೆಡ್‌ಮಾಸ್ತರು ಜೂನ್ ಒಂದು ಅಂತ ಬರೆಯುತ್ತಿದ್ದರು. ವಯಸ್ಸು ಕೂಡಿಸೋಕೆ ಸುಲಭ. ನಿಮ್ಮ ಪೇಟೆ ಶಾಲೆಯಲ್ಲಿ ಹಾಗೆ ಮಾಡುತ್ತಿರಲಿಲ್ಲವೇನೋ."

"ಹಾಗಾದರೆ ಯಾರಾದರೂ ಹುಟ್ಟಿದ ದಿನ ಕೇಳಿದರೆ ನೀವು ಏನು ಹೇಳುತ್ತೀರಿ?"

"ಯಾರು ಕೇಳುತ್ತಾರೆ ಅನ್ನೋದರ ಮೇಲೆ," ಎಂದಳು ಅವಳು. ಹೇಳಿದ ಮೇಲೆ ಅವಳ ನಗು ನಿಂತಿತು.

ಪರೀಕ್ಷಕ ಸಹಿ ಹಾಕಲಿಲ್ಲ. ಹತ್ತಿರದ ಶಾಲೆ ಯಾವುದೆಂದು ಪಟ್ಟಿಯಲ್ಲಿ ಹುಡುಕಿದ. ನಾಲ್ಕು ಸಾವಿರದ ನೂರಾ ಹದಿನೇಳನೇ ಸಾಲಿನಲ್ಲಿ ಆ ಶಾಲೆಯ ಅಡುಗೆಯವಳಿದ್ದಳು; ಅವಳ ಹುಟ್ಟಿದ ದಿನವೂ ಜೂನ್ ಒಂದು. ಪರೀಕ್ಷೆಯಲ್ಲಿ ಅವಳು ಅರ್ಧ ಸೆಕೆಂಡಿಗೂ ಮೊದಲೇ ಒಳಗೆ ಹೋಗಿದ್ದಳು.

ಮರುದಿನ ಮಧ್ಯಾಹ್ನ ಮಕ್ಕಳ ಊಟ ಮುಗಿಯುವ ಹೊತ್ತಿಗೆ ಅವನು ಅಲ್ಲಿಗೆ ಹೋದ. ಅಡುಗೆಯವಳು ಒಂದು ಕಾಲು ಚಾಚಿ ಕುಳಿತು ಅನ್ನದ ಬೋಗುಣಿ ತಿಕ್ಕುತ್ತಿದ್ದಳು. ಅವನು ಬಂದ ಕೆಲಸ ಹೇಳಿದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಏಳಲು ನೋಡಿದಳು. ಮಂಡಿ ಏಳಗೊಡಲಿಲ್ಲ. ಅವನೇ ಅವಳ ಪಕ್ಕ ನೆಲದ ಮೇಲೆ ಕುಳಿತು ಪರೀಕ್ಷೆಗೆಂದು ಇಟ್ಟಿದ್ದ ನಕಲು ಸೈಟು ತೆರೆದು ಫೋನು ಕೊಟ್ಟ. ಏನನ್ನೂ ಹೇಳಿಕೊಡಲಿಲ್ಲ.

ಅವಳು ನಂಬರು ಹಾಕಿದಳು. ಆಮೇಲೆ ಓದಿದಳು: "'ನೀವು ಹುಟ್ಟಿದ ದಿನ.' ನಮ್ಮವ್ವ ಹೇಳೂದು ಸೀಗಿ ಹುಣ್ಣಿವಿ ಮರುದಿನ ಹುಟ್ಟೀನಂತ. ಮಗಳು ಹಳೇ ಪಂಚಾಂಗ ಹುಡುಕಿ ತಾರೀಖು ಬರದುಕೊಟ್ಟಾಳ." ಆ ತಾರೀಖು ಹಾಕಿದಳು. ತಪ್ಪು ಎಂದು ಬಂತು.

"ಹಂಗಾರ ಓಟಿನ ಚೀಟಿದಾಗ ಇದ್ದದ್ದು ಇರಬೇಕು." ಅದೂ ತಪ್ಪಾಯಿತು.

"ಬ್ಯಾಂಕಿನ ಪುಸ್ತಕದಾಗ ಬ್ಯಾರೇನ ಐತ್ರಿ." ಅದನ್ನು ಹಾಕಿದಳು. ಬಾಗಿಲು ಮುಚ್ಚಿತು. ನಾಳೆ ಬನ್ನಿ ಎಂದು ಪರದೆ ಹೇಳಿತು.

"ಅಯ್ಯ, ಇನ್ನೂ ಒಂದು ಉಳದಿತ್ತಲ್ಲ," ಎಂದಳು ಅಡುಗೆಯವಳು. "ಸಾಲ್ಯಾಗ ಬರಕೊಂಡಿದ್ದು. ಅದು ಖರೇದಲ್ಲಂತ ಕಡೀಕ ಇಟ್ಟಿದ್ದೆ."

ಅವಳು ಫೋನನ್ನು ತಿರುಗಿಸಿ ನೋಡಿದಳು. "ನನ್ನ ಹೆಸರು ಇದರಾಗ ಐತೇನ್ರಿ, ಸರ?"

"ಇದೆ."

"ನಂಬರು?"

"ಅದೂ ಇದೆ."

"ಮತ್ತ ನಾನ್ಯಾಕ ಹೊರಗ ಉಳದೆ?"

ಎಂಟು ಸಾವಿರ ಮಂದಿಯನ್ನು ಒಳಗೆ ಕಳಿಸಿದಾಗ ಆಗಿದ್ದ ಬೆರಗಿಗಿಂತ ದೊಡ್ಡ ಬೆರಗು ಅವನಿಗೆ ಆಗ ಆಯಿತು. ಡೇಟಾಬೇಸಿನಲ್ಲಿ ಅವಳಿಗೆ ಒಂದೇ ಹುಟ್ಟು. ಅವಳ ಬದುಕಿನಲ್ಲಿ ನಾಲ್ಕು. ಅವನ ಕ್ವೆರಿ ತಂದುಕೊಟ್ಟದ್ದು ಅವಳು ಸುಳ್ಳೆಂದು ಕೊನೆಗಿಟ್ಟುಕೊಂಡಿದ್ದ ಆ ಒಂದನ್ನು ಮಾತ್ರ.

ಅವನು ಹಿಂದಿರುಗಿ ಪರೀಕ್ಷೆಯನ್ನು ಬೇರೆ ರೀತಿಯಲ್ಲಿ ಬರೆದ. ಜೂನ್ ಒಂದರವರೆಲ್ಲ ಮೊದಲು ಬೇರೆ ಬೇರೆ ತಾರೀಖುಗಳನ್ನು ಹಾಕಿ ನೋಡುವಂತೆ ಮಾಡಿದ. ಒಬ್ಬೊಬ್ಬರೂ ಮೂರು ಮೂರು ಸಲ ಬಾಗಿಲು ತಟ್ಟಿದರು. ಭಾರ ಎರಡು ಪಾಲಿನ ಹತ್ತಿರ ಹೋಯಿತು. ಸೈಟು ಮತ್ತೆ ನಿಂತಿತು. ಪರದೆಯ ಮೇಲೆ ಮೂರು ಸಾವಿರ ಸಾಲುಗಳು ಕೆಂಪಾಗಿ ಉಳಿದವು. ಅವನು ಎರಡೂ ವರದಿಗಳನ್ನು ಆಸ್ಪತ್ರೆಯವರ ಮುಂದೆ ಇಟ್ಟು ಸೋಮವಾರವನ್ನು ಮುಂದಕ್ಕೆ ಹಾಕಬೇಕೆಂದು ಕೇಳಿದ. ಎರಡರಲ್ಲೂ ಇದ್ದದ್ದು ಅದೇ ಎಂಟು ಸಾವಿರ ನಂಬರುಗಳು.

ಸೋಮವಾರ ಮುಂದಕ್ಕೆ ಹೋಯಿತು. ಹುಟ್ಟಿದ ದಿನ ಕೇಳುವುದನ್ನು ಬಿಟ್ಟು ಮೊಬೈಲಿಗೆ ಬರುವ ನಾಲ್ಕಂಕಿ ಕೇಳುವಂತೆ ಬದಲಾಯಿಸಿದರು. ಸೈಟು ತೆರೆದ ದಿನ ಆ ಅಡುಗೆಯವಳಿಗೆ ಮಾರ್ಗಶಿರದಲ್ಲಿ ಒಂದು ತಾರೀಖು ಸಿಕ್ಕಿತು.

ಮಾಸ್ತರು ಕತೆ ನಿಲ್ಲಿಸಿದರು.

ಮೇದಿನಿ ಕೇಳಿದಳು: "ಹಾಗಾದರೆ ಮಾಸ್ತರೇ, ಆ ಮೊದಲಿನ ಪರೀಕ್ಷೆಯಲ್ಲಿ ಎಂಟು ಸಾವಿರ ಮಂದಿ ಒಳಗೆ ಹೋದರಲ್ಲ, ಅವರು ಯಾರು?"

ಮಾಸ್ತರು ಅವಳ ವರದಿಯನ್ನು ಅವಳ ಕೈಗೆ ಕೊಟ್ಟು ಹೇಳಿದರು:

"ಅವತ್ತು ಡೇಟಾಬೇಸು ತನ್ನ ಮನೆಯೊಳಗೆ ತಾನೇ ಹೋಗಿತ್ತು, ಮೇದಿನಿ, ಜನ ಇನ್ನೂ ಬಂದಿರಲಿಲ್ಲ."