ಉಗುಳಲು ಇಟ್ಟ ಬೋಗುಣಿ

ನಮ್ಮ ರಸ್ಕಿನ್ಹಾ ಮನೆತನ ನಾಲ್ಕು ತಲೆಮಾರಿನಿಂದ ಇಗರ್ಜಿಯ ಹಬ್ಬದೂಟಕ್ಕೆ ದ್ರಾಕ್ಷಿ ವೈನ್ ಕೊಡುತ್ತ ಬಂದಿದೆ. ಬಿಷಪರು ಕುಡಿದಿದ್ದಾರೆ, ಕಲೆಕ್ಟರರು ಕುಡಿದಿದ್ದಾರೆ. ಯಾರೂ ಉಗುಳಿರಲಿಲ್ಲ.

ಈ ವರ್ಷ ಮನೆವೈನ್‌ಗಳಿಗೂ ಅಂಗಡಿಯ ಕಡಿಮೆ ಬೆಲೆಯ ವೈನ್‌ಗಳಿಗೂ ಅಂಕ ಕೊಡಲು ನಮ್ಮ ಇಗರ್ಜಿಯ ಫಾದರು ಓಸ್ವಾಲ್ಡ್ ತಾವ್ರೊ ಎಂಬ ವೈನ್ ಪರಿಣತರನ್ನು ಕರೆಸಿದರು. ಹೆಚ್ಚು ಅಂಕ ಬಂದದ್ದು ಹಬ್ಬದ ಮೇಜಿಗೆ. ತಾವ್ರೊ ನಮ್ಮ ವೈನನ್ನು ಬಾಯಿ ಮುಕ್ಕಳಿಸಿದಂತೆ ಮಾಡಿ ಉಗುಳಿದರು.

"ಹತ್ತಕ್ಕೆ ಎರಡು. ಹಬ್ಬದೂಟದ ಹಂದಿಮಾಂಸದ ಬಫಾತಿನ ಖಾರಕ್ಕೆ ಇದು ಹೊಂದುವುದಿಲ್ಲ, ರಸ್ಕಿನ್ಹಾ ಬಾಯಿ."

"ಬಫಾತಿನ ಜೊತೆ ಕುಡಿದು ನೋಡಿದಿರಾ?"

"ಅಗತ್ಯವಿಲ್ಲ. ನನ್ನ ನಾಲಿಗೆಗೆ ಗೊತ್ತಾಗುತ್ತದೆ."

"ಹಾಗಾದರೆ ಆ ನಾಲಿಗೆಯನ್ನು ಭಾನುವಾರ ಊಟಕ್ಕೆ ಕರೆತನ್ನಿ. ಫಾದರೂ ಬರಲಿ."

ಹಬೆಯಲ್ಲಿ ಬೆಂದ ಬಿಸಿ ಅಕ್ಕಿ ಸನ್ನ ಮತ್ತು ಖಾರ ಒಂದಿಷ್ಟೂ ತಗ್ಗಿಸದ ಬಫಾತ್ ಬಡಿಸಿದೆ. ತಾವ್ರೊ ಅವರ ಬಲಕ್ಕೆ ನಮ್ಮ ವೈನ್, ಎಡಕ್ಕೆ ಉಗುಳಲು ಬೆಳ್ಳಿಯ ಬೋಗುಣಿ. ನೀರಿನ ಹೂಜಿಯನ್ನೂ ಕೈಗೆಟಕುವಂತೆ ಇಟ್ಟೆ. ನಮ್ಮ ಮನೆಯಲ್ಲಿ ಯಾರಿಗೂ ಅನ್ಯಾಯವಾಗುವುದಿಲ್ಲ.

ಒಂದು ತುತ್ತು, ಒಂದು ಗುಟುಕು. ನಾನು ಬೋಗುಣಿಯನ್ನು ಹತ್ತಿರ ಸರಿಸಿದೆ. "ಉಗುಳಿ, ಸಂಕೋಚ ಬೇಡ."

"ಇರಲಿ ಬಾಯಿ," ಎಂದು ನುಂಗಿದರು. ಗ್ಲಾಸು ತುಂಬಿಸಿದೆ. ಮತ್ತೆ ನುಂಗಿದರು. ಹೂಜಿಯನ್ನು ಮುಟ್ಟಲೂ ಇಲ್ಲ. ಬಾಟಲಿ ಮುಗಿದಾಗ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸೌಟು. ವೈನ್ ಇದೆಯಲ್ಲ?" ಎಂದರು.

ಸೌಟು ಕೆಳಗಿಟ್ಟು, ಬೋಗುಣಿಯನ್ನು ಬಿಳಿ ಮೇಜುಬಟ್ಟೆಯ ಮೇಲೆ ಬೋರಲು ಹಾಕಿದೆ. ಒಂದು ಹನಿಯೂ ಬೀಳಲಿಲ್ಲ.

ಫಾದರ್ ಕೆಮ್ಮಿದರು. ತಾವ್ರೊ ಅವರ ಮುಖ ಬಫಾತಿನ ಬಣ್ಣಕ್ಕೆ ತಿರುಗಿತು. "ಎಂಟು ಮಾಡೋಣ, ಬಾಯಿ. ಬೇಕಾದರೆ ಒಂಬತ್ತು."

"ಅಂಕ ಆಮೇಲೆ," ಎಂದೆ. "ಮೊದಲು ಕ್ಷಮೆ ಕೇಳಿ."