ನೇಕಾರನ ಮಗಳ ನೆರಳು

“ಅಮ್ಮಾ, ಭೂವಿಜ್ಞಾನ ಕಲಿಯಲು ವಿದ್ಯಾರ್ಥಿಗಳೇ ಬರುತ್ತಿಲ್ಲ. ಅವರನ್ನು ಹೇಗೆ ಕರೆಯಲಿ?” ಎಂದು ಕಾಲೇಜಿನಲ್ಲಿ ಪಾಠ ಹೇಳುವ ಶಿಷ್ಯನೊಬ್ಬ ತನ್ನ ಗುರುವಮ್ಮನನ್ನು ಕೇಳಿದ.

“ಬಂದವರಿಗೆ ಮೊದಲ ದಿನ ಏನು ಹೇಳುತ್ತೀಯಪ್ಪಾ?”

“ಇದು ಎಲ್ಲರ ಕೈಲಾಗುವ ವಿದ್ಯೆಯಲ್ಲ, ಗುಡ್ಡ ಗಣಿ ಅಲೆಯಬೇಕು, ಪ್ರಾಣಕ್ಕೂ ಅಪಾಯ, ಹೆಣ್ಣುಮಕ್ಕಳಂತೂ ಎರಡು ಸಲ ಯೋಚಿಸಿ ಎಂದು ಎಚ್ಚರಿಸುತ್ತೇನೆ,” ಎಂದ. ಹೇಳುವಾಗ ಅವನ ಎದೆ ತುಸು ಉಬ್ಬಿತು.

ಗುರುವಮ್ಮ ಕತೆ ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ಬಾವಿ ತೋಡುವವನಿದ್ದ. ಹಿಡಿ ಮಣ್ಣು ಪುಡಿಮಾಡಿ ನೋಡಿದರೆ ಸಾಕು, ಬಾವಿಯ ಯಾವ ಬದಿ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ ಎಂದು ಹೇಳಿಬಿಡುತ್ತಿದ್ದ. ಸುತ್ತಲ ಊರಿಗೆಲ್ಲ ಅವನೊಬ್ಬನೇ. ತಾನೊಬ್ಬನೇ ಆಗಿರಬೇಕು ಎಂಬುದೇ ಅವನ ಆಸೆ. ಅದಕ್ಕೆ ಏನು ಮಾಡಿದ ಗೊತ್ತೇ? ಬಾವಿಗಿಳಿದವನಿಗೆ ಮಕ್ಕಳಾಗುವುದಿಲ್ಲ ಎಂದು ಹಬ್ಬಿಸಿದ. ಅವನಿಗೇ ಐದು ಮಕ್ಕಳು. ಆರನೆಯದು ಯಾವ ಬೀದಿಯಲ್ಲಿದೆ ಎಂಬುದೂ ಊರಿಗೆ ಗೊತ್ತಿತ್ತು, ಅದಿರಲಿ. ಆದರೂ ಹುಡುಗರು ನಂಬಿದರು.

ಒಬ್ಬ ನೇಕಾರನ ಮಗಳು ಮಾತ್ರ ನಂಬಲಿಲ್ಲ. ಬಾವಿ ತೋಡುವವನು ಮೇಲೆ ಹಾಕಿಸಿದ ಮಣ್ಣಿನ ಗುಡ್ಡೆಯ ಪಕ್ಕ ಕೂತು, ಹೆಂಟೆ ಒಡೆದು, ನೀರು ಹಾಕಿ ನೋಡುತ್ತಿದ್ದಳು. “ಮಾವ, ಇದು ನೆಂದರೆ ಜಾರುತ್ತದಲ್ಲವೇ? ನನಗೂ ಕಲಿಸಿ,” ಎಂದಳು. ಹೇಳಿದ್ದು ಸರಿಯಾಗಿತ್ತು. ಅದೇ ಅವನ ಹೊಟ್ಟೆಗೆ ಬೆಂಕಿ ಇಟ್ಟಿತು. “ಏ ಹುಡುಗಿ, ನಿನ್ನ ನೆರಳು ಬಿದ್ದರೆ ಬಾವಿ ಕುಸಿಯುತ್ತದೆ. ಒಳಗಿದ್ದವನನ್ನು ನೀನೇ ಕೊಂದ ಹಾಗೆ!” ಎಂದು ಹತ್ತು ಜನರೆದುರು ಕೂಗಿದ. ಅಂದಿನಿಂದ ಅವಳು ಬಾವಿ ಕಂಡರೆ ನೂರು ಹೆಜ್ಜೆ ದೂರ ಸರಿದು ನಡೆದಳು.

ಒಂದು ಮಧ್ಯಾಹ್ನ ಅವನು ಹೊಸ ಬಾವಿಯ ತಳದಲ್ಲಿದ್ದ. ಎಲ್ಲಿಂದಲೋ ಮಣ್ಣು ಉದುರುವ ಸಣ್ಣ ಸದ್ದು. ಒಂದು ಕಲ್ಲು ನೀರಿಗೆ ಬಿತ್ತು. ಮತ್ತೊಂದು ಬಿತ್ತು. ಕಾಲಿಟ್ಟು ಹತ್ತುವ ಗೂಡುಗಳು ಮುಚ್ಚಿಹೋದವು. ಧೂಳಿಗೆ ಕಣ್ಣು ಕಾಣದೆ ದಿಕ್ಕು ತಪ್ಪಿತು. “ಯಾವ ಬದಿ ಗಟ್ಟಿಯಿದೆ ನೋಡಿ, ಆ ಬದಿಯಿಂದ ಹಗ್ಗ ಬಿಡಿರೋ!” ಎಂದು ಚೀರಿದ.

ಮೇಲೆ ನಲವತ್ತು ಜನ ಹಗ್ಗ ಹಿಡಿದು ನಿಂತಿದ್ದರು. “ನಮಗೆ ಎಲ್ಲ ಬದಿಯೂ ಒಂದೇ ಥರ ಕಾಣುತ್ತದಲ್ಲೋ ಯಜಮಾನ!”

“ನೇಕಾರನ ಮಗಳನ್ನು ಕರೆಯಿರಿ! ಅವಳಿಗೆ ಗೊತ್ತು! ನೆರಳಿನ ಮಾತು ಸುಳ್ಳು, ನಾನೇ ಕಟ್ಟಿದ ಕತೆ!”

ದೂರದಲ್ಲಿ ನಿಂತಿದ್ದ ಅವಳು ಕೇಳಿಸಿಕೊಂಡು ಓಡಿಬಂದಳು. ದಾರಿಯಲ್ಲೇ ನಾಲ್ವರು ಹಿಡಿದುಕೊಂಡರು. “ಪ್ರಾಣಭಯಕ್ಕೆ ಏನೇನೋ ಬಡಬಡಿಸುತ್ತಿದ್ದಾನೆ. ನೀನು ಹೋದರೆ ಅವನು ಸತ್ತನೆಂದೇ ಲೆಕ್ಕ!” ಅವಳು ಬಗ್ಗಿ ತನ್ನ ನೆರಳನ್ನು ನೋಡಿಕೊಂಡಳು. ಅಲ್ಲೇ ನಿಂತಳು.

ಉಳಿದವರು ತಮಗೆ ಹತ್ತಿರವಿದ್ದ ಬದಿಯಿಂದ ಹಗ್ಗ ಬಿಟ್ಟರು. ಆ ಬದಿಯೇ ಕುಸಿಯಿತು. ಆಮೇಲೆ ಬಾವಿಯೊಳಗಿಂದ ಕೂಗು ಬರಲಿಲ್ಲ.

ಶಿಷ್ಯ ತಡೆಯಲಾರದೆ ಕೇಳಿದ. “ಅಯ್ಯೋ ಅಮ್ಮಾ, ತಿಳಿದವಳು ಅಷ್ಟು ಹತ್ತಿರದಲ್ಲಿದ್ದಳಲ್ಲ, ಬಂದುಬಿಡಬಾರದಿತ್ತೇ?”

“ನಿನ್ನ ಮೊದಲ ದಿನದ ಮಾತು ಕೇಳಿಸಿಕೊಂಡವಳು ಹೇಗಪ್ಪಾ ಬರುತ್ತಾಳೆ?” ಎಂದರು ಗುರುವಮ್ಮ.